ನಮ್ಮ ಸಿಂಕಿನಲ್ಲಿ ಕೈಗವಸುಗಳ ಕಾಳಗ

ನನ್ನ ಎರಡು ಕೈಗಳ ವಿಷಯದಲ್ಲಿ ನನ್ನೊಬ್ಬಳನ್ನು ಬಿಟ್ಟು ಮನೆಯವರೆಲ್ಲ ಸಭೆ ಸೇರಿ ತೀರ್ಮಾನ ಮಾಡಿದರು. ನನ್ನ ದೂರು ಇಷ್ಟೇ. ಕಾಲಿನ ವಿಷಯವಾಗಿದ್ದರೆ ನಾನು ಬಾಯಿ ಬಿಡುತ್ತಿರಲಿಲ್ಲ. ನನ್ನ ಮೊಣಕಾಲು ನನ್ನ ಮಾತು ಕೇಳುವುದನ್ನು ಬಿಟ್ಟು ಬಹಳ ಕಾಲವಾಯಿತು, ಅದನ್ನು ಯಾರು ಬೇಕಾದರೂ ದತ್ತು ತೆಗೆದುಕೊಳ್ಳಲಿ. ಆದರೆ ಕೈಗಳು ಹಾಗಲ್ಲ. ಅವು ಇಂದಿಗೂ ನಾನು ಹೇಳಿದ್ದನ್ನು ಹೇಳಿದ ಹಾಗೆ ಮಾಡುತ್ತವೆ. ಮನೆಯಲ್ಲಿ ಹಾಗೆ ಮಾಡುವವು ಅವೆರಡೇ.

ಆದದ್ದು ಏನೆಂದರೆ, ಬೆರಳುಗಳ ಸಂದಿಯಲ್ಲಿ ಕೆಂಪಗೆ ಗಂಧೆ ಎದ್ದವು. ಗೆಣ್ಣುಗಳ ಮೇಲೆ ಬಿರುಕು ಬಿಟ್ಟಿತು. ನನ್ನ ಮಗಳು ಔಷಧಿ ಅಂಗಡಿ ನಡೆಸುತ್ತಾಳೆ. ಊರಿನವರ ಗಾಯಗಳನ್ನೆಲ್ಲ ಕೌಂಟರಿನ ಮೇಲಿಂದಲೇ ಗುರುತು ಹಿಡಿಯುವವಳು ತಾಯಿಯ ಕೈ ಕಂಡು ಬೆಚ್ಚಿಬಿದ್ದಳು. ನನ್ನನ್ನು ಚರ್ಮದ ಡಾಕ್ಟರ ಬಳಿಗೆ ಎಳೆದುಕೊಂಡು ಹೋದಳು. ಡಾಕ್ಟರು ಕನ್ನಡಕವನ್ನು ಹಣೆಗೇರಿಸಿ, ನನ್ನ ಅಂಗೈಯನ್ನು ಭವಿಷ್ಯ ಹೇಳುವವರ ಹಾಗೆ ತಿರುಗಿಸಿ ಮುರುಗಿಸಿ ನೋಡಿದರು.

"ಪಾತ್ರೆ ತೊಳೆಯೋದು ನೀವೇನಾ ಅಜ್ಜಿ?"

"ಮತ್ತಿನ್ಯಾರು?"

"ಬಿಟ್ಬಿಡಿ. ಸೋಪಿನ ನೀರು ನಿಮ್ಮ ಚರ್ಮಕ್ಕೆ ಆಗ್ತಾ ಇಲ್ಲ. ಬಿಡೋಕೇ ಆಗಲ್ಲ ಅಂದ್ರೆ ಗ್ಲೌಸ್ ಹಾಕ್ಕೊಳ್ಳಿ. ಒಂದ್ಸಲ ಹಾಕ್ಕೊಂಡಿದ್ದನ್ನ ಮತ್ತೆ ಹಾಕ್ಕೋಬೇಡಿ."

ಡಾಕ್ಟರು ಹೇಳಿದ್ದು ಮೂರು ಮಾತು. ಮೊದಲನೆಯದು ಮಗಳ ಕಿವಿಗೆ ಬಿತ್ತು, ಎರಡನೆಯದು ನನ್ನ ಕಿವಿಗೆ ಬಿತ್ತು. ಮೂರನೆಯದು ಇಬ್ಬರ ನಡುವೆ ನೆಲಕ್ಕೆ ಬಿತ್ತು.

ಮನೆಗೆ ಬಂದವಳೇ ಮಗಳು ಪಾತ್ರೆ ತೊಳೆಯುವ ಯಂತ್ರದವರಿಗೆ ಫೋನು ಹಚ್ಚಿದಳು. ಮರುದಿನವೇ ಒಬ್ಬ ಮನುಷ್ಯ ಅಳತೆ ಪಟ್ಟಿ ಹಿಡಿದು ಬಂದ. ಅಡುಗೆಮನೆಯಲ್ಲಿ ಆ ಕಡೆ ಈ ಕಡೆ ಅಳೆದ. (ನನ್ನನ್ನೂ ಒಂದು ಕುರ್ಚಿಯೆಂದು ತಿಳಿದನೋ ಏನೋ, ನನ್ನ ಭುಜದ ಮೇಲಿನಿಂದಲೇ ಪಟ್ಟಿ ಹಾಯಿಸಿದ.) ಆಮೇಲೆ ಹೇಳಿದ: "ಈ ಸಿಂಕನ್ನ ಕಿತ್ತು ಆ ಗೋಡೆಗೆ ಹಾಕಿದ್ರೆ, ಕಿಟಕಿ ಕೆಳಗೆ ಯಂತ್ರ ಚೆನ್ನಾಗಿ ಕೂರುತ್ತೆ ಮೇಡಂ."

ನಾನು ಸಿಂಕಿಗೆ ಬೆನ್ನು ಕೊಟ್ಟು ಅಡ್ಡ ನಿಂತೆ.

ಆ ಕಿಟಕಿ ಏನೆಂದು ಓದುವ ನಿಮಗೆ ಹೇಳಬೇಕು. ಕಿಟಕಿಯಾಚೆ ಒಂದು ಸಣ್ಣ ಓಣಿ. ಓಣಿಯಾಚೆ ಇನ್ನೊಂದು ಕಿಟಕಿ. ಅದರ ಹಿಂದೆ ಹೊಲಿಗೆ ಯಂತ್ರ ತುಳಿಯುತ್ತಾ ಟೈಲರಮ್ಮ. ನನ್ನ ಕೈಯಲ್ಲಿ ಪಾತ್ರೆ, ಅವಳ ಕೈಯಲ್ಲಿ ಬಟ್ಟೆ, ನಡುವೆ ಮಾತು. ನಮ್ಮವರು ತೀರಿಕೊಂಡ ಮೇಲೆ ನಾನು ಮಗಳ ಮನೆಗೆ ಬಂದಾಗ ಎಲ್ಲರೂ ನನ್ನನ್ನು ಬಹಳ ಮರ್ಯಾದೆಯಿಂದ ಕೂರಿಸಿದರು. ಕೂತೆ. ಎದ್ದರೆ "ಕೂತ್ಕೊಳ್ಳಮ್ಮ" ಅನ್ನುತ್ತಿದ್ದರು. ಮತ್ತೆ ಕೂತೆ. ಮನೆಗೆ ಬಂದ ನೆಂಟರನ್ನು ಹಾಗೆ ಕೂರಿಸುತ್ತಾರೆ, ಮನೆಯವರನ್ನಲ್ಲ. ಒಂದು ದಿನ ಯಾರೂ ಇಲ್ಲದ ಹೊತ್ತಿನಲ್ಲಿ ಸಿಂಕಿನ ಮುಂದೆ ನಿಂತು ರಾಶಿ ಪಾತ್ರೆ ತೊಳೆದಿಟ್ಟೆ. ಎದುರು ಕಿಟಕಿಯಿಂದ, "ಹೊಸಬರಾ ಅಕ್ಕ?" ಎಂದು ಧ್ವನಿ ಬಂತು. ಅಂದಿನಿಂದ ನಾನು ಆ ಮನೆಯವಳಾದೆ. ಈಗ ಆ ಜಾಗದಲ್ಲಿ ಒಂದು ಬಿಳಿ ಪೆಟ್ಟಿಗೆ ಬಂದು ಗುಡುಗುಡು ಅನ್ನುತ್ತಾ ಕೂರುತ್ತದಂತೆ!

"ಡಾಕ್ಟರು ಗ್ಲೌಸ್ ಹಾಕ್ಕೊಳ್ಳಿ ಅಂದ್ರಲ್ಲ!" ಎಂದೆ.

"ಅಮ್ಮ, ಯಾವ ಗ್ಲೌಸ್? ನಮ್ಮ ಅಂಗಡೀಲೇ ನಾಲ್ಕು ತರದ್ದಿದೆ. ಒಂದು ಸೇರಿದ್ರೆ ಇನ್ನೊಂದು ಸೇರಲ್ಲ. ಅದೆಲ್ಲ ರಗಳೆ ಯಾಕೆ, ಯಂತ್ರ ಬರಲಿ ಬಿಡು."

ಅಷ್ಟು ಹೊತ್ತಿಗೆ ನನ್ನ ಅಳಿಯಂದಿರು ಊಟದ ಮೇಜಿನಿಂದ ಎದ್ದು ನಿಂತರು. ಅವರು ಶಾಲೆಯಲ್ಲಿ ಆಟದ ಮೇಷ್ಟ್ರು. ಗೋಡೆಯ ಮೇಲೆ ಎರಡು ಇರುವೆ ಹೊರಟರೆ ಯಾವುದು ಮೊದಲು ಮೇಲೇರುತ್ತದೆಂದು ಊಟ ಬಿಟ್ಟು ನೋಡುವವರು. ಕೊರಳಲ್ಲಿ ಸೀಟಿ ಇಲ್ಲದೆ ನಾನು ಅವರನ್ನು ಕಂಡದ್ದಿಲ್ಲ.

"ಇದು ಮಾತಲ್ಲಿ ತೀರ್ಮಾನ ಆಗೋ ವಿಷಯ ಅಲ್ಲ. ಮೈದಾನದಲ್ಲಿ ಆಗ್ಬೇಕು," ಎಂದರು. "ನಾಲ್ಕು ತಂಡ. ಎರಡು ಸೆಮಿಫೈನಲ್, ಒಂದು ಫೈನಲ್. ಗೆದ್ದ ಗ್ಲೌಸು ಅತ್ತೆಯವರ ಕೈಗೆ."

"ನಿಮಗೆ ತಲೆ ಕೆಟ್ಟಿದೆ," ಎಂದಳು ಮಗಳು.

"ಅಪ್ಪಾ, ನಾನು ಕಾಮೆಂಟರಿ!" ಎಂದು ಮೊಮ್ಮಗಳು ಸೌಟು ಕೈಗೆತ್ತಿಕೊಂಡಳು. ಅವಳು ಕಾಲೇಜು ಓದುವವಳು. ಪಾಠ ಓದು ಎಂದರೆ ಮಾತ್ರ ಅವಳಿಗೆ ಗಂಟಲು ಕಟ್ಟುತ್ತದೆ.

ಮಗಳು ಕೊನೆಗೆ ಒಪ್ಪಿದಳು. ಆದರೆ ಒಂದು ಷರತ್ತು ಹಾಕಿದಳು: "ಪ್ರತಿ ಪಂದ್ಯ ಆದ್ಮೇಲೆ ಅಮ್ಮನ ಕೈ ನಾನೇ ನೋಡ್ತೀನಿ. ಫೈನಲ್ ಮುಗಿದ ಮೇಲೆ ಕೈ ಚೂರು ಕೆಂಪಾಗಿದ್ರೂ ಯಂತ್ರ ಬರುತ್ತೆ. ಆಗ ಯಾರೂ ತುಟಿ ಪಿಟಕ್ಕೆನ್ನೋ ಹಾಗಿಲ್ಲ."

ಮುಲಾಮು ಹಚ್ಚಿ ಗಂಧೆ ಇಳಿಯುವವರೆಗೆ ಕಾದೆವು. ಕೈ ತಿಳಿಯಾದ ಮೇಲೆ ಮಗಳು ಅಂಗಡಿಯಿಂದ ನಾಲ್ಕು ತಂಡಗಳನ್ನೂ ತಂದಳು. ಅವುಗಳ ಹೆಸರು ನನ್ನ ನಾಲಿಗೆಗೆ ಹೊರಳಲಿಲ್ಲವಾದ್ದರಿಂದ ನಾನೇ ಬೇರೆ ಹೆಸರಿಟ್ಟೆ.

ಮೊದಲನೆಯವನು ಕವರಪ್ಪ. ಅಂಗಡಿಯ ತೆಳು ಪ್ಲಾಸ್ಟಿಕ್ ಕವರಿಗೆ ಐದು ಬೆರಳು ಮೂಡಿದರೆ ಹೇಗೋ ಹಾಗೆ. ಊದಿದರೆ ಹಾರುತ್ತಾನೆ. ಎರಡನೆಯವನು ವಿನೈಲು, ಗಾಜಿನಂಥ ಮೈಬಣ್ಣ, ಆದರೆ ಬೇರೆಯವರ ಅಂಗಿ ಹಾಕಿಕೊಂಡವನ ಹಾಗೆ ಅಲ್ಲಲ್ಲಿ ಜೋಲು. ಅವನು ಜೋಲಪ್ಪ. ಮೂರನೆಯವನು ಲೇಟೆಕ್ಸು, ರಬ್ಬರಿನವನು, ಒಳಗೆಲ್ಲ ಹಿಟ್ಟು ಬಳಿದುಕೊಂಡು ಬಂದಿದ್ದ, ಹಿಟ್ಟಪ್ಪ. ನಾಲ್ಕನೆಯವನು ನೈಟ್ರೈಲು; ಕಡುನೀಲಿ ಮೈ, ಬಿಗಿಯಾದ ಕಟ್ಟು, ಹಾಕಿಕೊಂಡರೆ ಕೈಗೆ ಹೊಸ ಚರ್ಮ ಬಂದಂತೆ. ಅವನೇ ನೀಲಪ್ಪ ಪೈಲ್ವಾನ.

ನಿಯಮ ಹೀಗಿತ್ತು. ಒಂದು ಕೈಗೆ ಒಂದು ತಂಡ, ಇನ್ನೊಂದು ಕೈಗೆ ಎದುರು ತಂಡ. ಅರ್ಧ ಆಟಕ್ಕೆ ಸೀಟಿ ಊದಿದಾಗ ಬದಿ ಬದಲಾವಣೆ. ಎಡಗೈಯವನು ಬಲಗೈಗೆ, ಬಲಗೈಯವನು ಎಡಗೈಗೆ. ಇಲ್ಲದಿದ್ದರೆ ಬಲಗೈಯವನಿಗೆ ಅನ್ಯಾಯವಾಗಿ ಲಾಭವಂತೆ. (ಇಷ್ಟು ನ್ಯಾಯವನ್ನು ಅಳಿಯಂದಿರು ಮನೆಗೆಲಸ ಹಂಚುವಾಗ ತೋರಿಸಿದ್ದರೆ ನಾನು ಎಂದೋ ಅವರಿಗೆ ಹಾರ ಹಾಕುತ್ತಿದ್ದೆ.)

ಮೊದಲ ಸೆಮಿಫೈನಲ್: ಕವರಪ್ಪನಿಗೂ ಜೋಲಪ್ಪನಿಗೂ. ಕ್ರೀಡಾಂಗಣ: ಬೆಚ್ಚಗಿನ ಸೋಪಿನ ನೀರು ತುಂಬಿದ ಸಿಂಕು. ಗಾಜಿನ ಲೋಟಗಳನ್ನು ತೊಳೆಯಬೇಕು.

ಸೀಟಿ ಕೂಗಿತು. ಮೊಮ್ಮಗಳು ಸೌಟನ್ನು ಬಾಯಿಗೆ ಹಿಡಿದಳು. "ಇದೋ ಅಜ್ಜಿ ನೀರಿಗಿಳಿದರು! ಬಲಗೈಯಲ್ಲಿ ಕವರಪ್ಪ! ಮೊದಲ ಲೋಟ... ಎರಡನೇ ಲೋಟ... ಅಯ್ಯೋ, ಕವರಪ್ಪ ಎಲ್ಲಿ?"

ಕವರಪ್ಪ ಇರಲಿಲ್ಲ. ನಾನು ಲೋಟದೊಳಗೆ ಕೈ ಹಾಕಿ ತಿರುಗಿಸುವಾಗ ಅವನೊಳಗೆ ನೀರು ನುಗ್ಗಿ, ನನ್ನ ಕೈಯನ್ನು ಲೋಟದಲ್ಲೇ ಬಿಟ್ಟು ಅವನು ಹೊರಟುಹೋಗಿದ್ದ. ನೋಡಿದರೆ ನೊರೆಯ ನಡುವೆ ಐದು ಬೆರಳನ್ನೂ ಮೇಲೆತ್ತಿ, ಕಾಪಾಡಿ ಕಾಪಾಡಿ ಎನ್ನುವವನ ಹಾಗೆ ತೇಲುತ್ತಿದ್ದ.

ಎದುರು ಕಿಟಕಿಯಲ್ಲಿ ಹೊಲಿಗೆ ಯಂತ್ರ ಗಕ್ಕನೆ ನಿಂತಿತು. "ಅಕ್ಕಾ! ಯಾರ ಕೈ ಅದು ನೀರಲ್ಲಿ?"

"ನಂದಲ್ಲ ಬಿಡೇ, ನಂದೆರಡೂ ಇಲ್ಲೇ ಇವೆ," ಎಂದೆ.

ಜೋಲಪ್ಪ ಸಭ್ಯಸ್ಥನಂತೆ ಕೈಯ ಮೇಲೆಯೇ ಇದ್ದು ಗೆದ್ದ. ಮಗಳು ನನ್ನ ಕೈ ನೋಡಿ, "ಬಲಗೈ ಒದ್ದೆ. ಎಡಗೈ ಸರಿಯಿದೆ," ಎಂದು ಅಧಿಕೃತವಾಗಿ ಸಾರಿದಳು.

ಎರಡನೆಯ ಸೆಮಿಫೈನಲ್ ನಿಜವಾದ ಕಾಳಗ. ಹಿಟ್ಟಪ್ಪನಿಗೂ ನೀಲಪ್ಪನಿಗೂ. ಉಪ್ಪಿನಕಾಯಿ ಜಾಡಿಗೆ ತುಂಬಲು ಹಸಿಮೆಣಸಿನಕಾಯಿ ಹೆಚ್ಚುವುದಿತ್ತು. ಮೊದಲರ್ಧ ಮೆಣಸಿನಕಾಯಿ, ಉಳಿದರ್ಧ ಎಣ್ಣೆ ಹಿಡಿದ ಬಾಣಲೆ ಎಂದು ಅಳಿಯಂದಿರು ನಿಶ್ಚಯಿಸಿದರು. ಅವು ಹೆಸರಿಗೆ ಮೆಣಸಿನಕಾಯಿ, ಗುಣದಲ್ಲಿ ಬೆಂಕಿಕಡ್ಡಿ. ಹೆಚ್ಚುವಾಗ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ವೀಕ್ಷಕ ವಿವರಣೆಗಾರ್ತಿ ಸೌಟು ಎಸೆದು ಕೆಮ್ಮುತ್ತಾ ಹೊರಗೋಡಿದಳು. ನನ್ನ ಬೆರಳುಗಳಿಗೆ ಮಾತ್ರ ಸುದ್ದಿಯೇ ಇಲ್ಲ. ಹಿಟ್ಟಪ್ಪನೂ ಗಟ್ಟಿಗ, ನೀಲಪ್ಪನೂ ಗಟ್ಟಿಗ. ನಿಜ ಹೇಳಬೇಕೆಂದರೆ ಹಿಟ್ಟಪ್ಪನ ಬೆರಳು ಇನ್ನೂ ನಯ. ಒಂದು ಮೆಣಸಿನ ಬೀಜವನ್ನೂ ಮುಟ್ಟಿ ಗುರುತಿಸಬಹುದಿತ್ತು.

ಬಾಣಲೆಗೆ ಬಂದಾಗ ಆಟ ತಿರುಗಿತು. ಎಣ್ಣೆ ತಾಗಿದ್ದೇ ತಡ ಹಿಟ್ಟಪ್ಪನ ಮೈ ಸಡಿಲವಾಯಿತು. ಬೆರಳ ತುದಿ ಜೋತುಬಿತ್ತು. ಮೈಯೆಲ್ಲ ಅಂಟಂಟಾಗಿ, ಕೊನೆಗೆ ಹೆಬ್ಬೆರಳ ಬುಡದಲ್ಲಿ ಸರ್ರನೆ ಬಾಯಿಬಿಟ್ಟ. ಬಾಣಲೆಯ ಮೇಲೆ ಬಿಳಿ ಹಿಟ್ಟಿನ ಗುರುತು ಬೇರೆ. ನೀಲಪ್ಪನಿಗೆ ಎಣ್ಣೆಯ ಗೊಡವೆಯೇ ಇಲ್ಲ. ನೀರು ಹಾಯಿಸಿದರೆ ಫಳಫಳ.

"ನೀಲಪ್ಪ ಫೈನಲ್ಲಿಗೆ!" ಎಂದು ಅಳಿಯಂದಿರು ಸೀಟಿ ಊದಿ, ಮೆಣಸಿನ ಘಾಟು ಒಳಗೆಳೆದು, ಕೆಮ್ಮುತ್ತಾ ಮಗಳ ಹಿಂದೆಯೇ ಹೊರಗೋಡಿದರು.

ಮಗಳು ನನ್ನ ಕೈ ನೋಡಿದಳು. ಸ್ವಚ್ಛ. "ಸರಿ ಅಮ್ಮ. ಇವೆರಡನ್ನೂ ಕಸದ ಬುಟ್ಟಿಗೆ ಹಾಕಿಬಿಡು," ಎಂದು ಅಂಗಡಿಗೆ ಹೊರಟಳು.

ಇಲ್ಲಿಯವರೆಗೆ ಕಥೆಯಲ್ಲಿ ನನ್ನ ತಪ್ಪು ಇಲ್ಲ. ಇನ್ನು ಮುಂದೆ ಇದೆ.

ಹರಿದ ಹಿಟ್ಟಪ್ಪನನ್ನು ಬುಟ್ಟಿಗೆ ಹಾಕಿದೆ. ಹರಿದದ್ದನ್ನು ಇಟ್ಟುಕೊಳ್ಳುವಷ್ಟು ಹುಚ್ಚಿ ನಾನಲ್ಲ. ನೀಲಪ್ಪನನ್ನು ಮಣಿಕಟ್ಟಿನಿಂದ ಹಿಡಿದು ಎಳೆದೆ. ಸುಳಿಸುಳಿಯಾಗಿ ಒಳಮೈ ಹೊರಗಾಗುತ್ತಾ ಬಂದ. ಕೈಯಲ್ಲಿ ಹಿಡಿದು ನೋಡುತ್ತೇನೆ, ಎಲ್ಲಿಯೂ ಒಂದು ಗೀರಿಲ್ಲ. ಇವನನ್ನು ಬಿಸಾಡುವುದೇ? ಪೆಟ್ಟಿಗೆಯ ಮೇಲೆ ಒಮ್ಮೆ ಬಳಸಿ ಎಸೆಯಬೇಕೆಂದು ಬರೆದಿತ್ತು. ನಾನು ಅಕ್ಷರ ಕೂಡಿಸಿ ಕೂಡಿಸಿ ಪೂರ್ತಿ ಓದಿದೆ, ಒಂದಕ್ಷರವನ್ನೂ ಬಿಡಲಿಲ್ಲ. ಓದಿದೆ, ಒಪ್ಪಲಿಲ್ಲ, ಅಷ್ಟೇ. ಹಾಲಿನ ಪೊಟ್ಟಣವನ್ನು ತೊಳೆದು ಒಣಗಿಸಿ ಮಡಿಸಿಡುವ ಕೈಗೆ ಇಷ್ಟು ಗಟ್ಟಿಮುಟ್ಟಾದ ಆಳನ್ನು ಕಸಕ್ಕೆ ಹಾಕು ಎಂದರೆ ಅದು ಹೇಗೆ ಮೇಲೇಳುತ್ತದೆ?

ನಲ್ಲಿಯ ಕೆಳಗೆ ಹಿಡಿದು ತೊಳೆದೆ. ಎಳೆದಾಗ ಹೊರಗೆ ಬಂದಿದ್ದ ಮೈಯನ್ನು ಚೆನ್ನಾಗಿ ತೊಳೆದೆ. ಒಳಗಾಗಿದ್ದ ಮೈಯ ನೆನಪೇ ನನಗಾಗಲಿಲ್ಲ. ನನ್ನ ಕೋಣೆಯ ಬೀರುವಿನ ಹಿಂದೆ ಒಂದು ಕ್ಲಿಪ್ಪಿಗೆ ಸಿಕ್ಕಿಸಿ ಒಣಗಹಾಕಿದೆ. ಅಲ್ಲಿ ಜೋಲಪ್ಪನೂ ಮೊದಲೇ ನೇತಾಡುತ್ತಿದ್ದ. ಹೌದು, ಅವನನ್ನೂ ಇಟ್ಟುಕೊಂಡಿದ್ದೆ. (ಕವರಪ್ಪನನ್ನೂ. ಅವನಲ್ಲಿ ಗುಂಡಿಗಳನ್ನು ತುಂಬಿ ಕಟ್ಟಿಟ್ಟಿದ್ದೆ.)

ಮರುದಿನ ಮಧ್ಯಾಹ್ನ ಫೈನಲ್. ಮಗಳು ಪೆಟ್ಟಿಗೆಯಿಂದ ಹೊಸ ಜೋಲಪ್ಪನನ್ನೂ ಹೊಸ ನೀಲಪ್ಪನನ್ನೂ ತೆಗೆದು ನನ್ನ ಕೈಗೆ ಕೊಟ್ಟು, "ಹಾಕ್ಕೊಂಡು ಬಾಮ್ಮ," ಎಂದಳು. ನಾನು ಕೋಣೆಗೆ ಹೋದೆ. ಹೊಸಬರು ಎಷ್ಟು ಚಂದವಾಗಿದ್ದರು! ಒಂದೇ ಒಂದು ಪಂದ್ಯಕ್ಕಾಗಿ ಅವರನ್ನು ಹಾಳು ಮಾಡಲು ಮನಸ್ಸು ಬರಲಿಲ್ಲ. ಅವರನ್ನು ದಿಂಬಿನ ಕೆಳಗೆ ಮಲಗಿಸಿ, ಬೀರುವಿನ ಹಿಂದಿನ ಅನುಭವಿ ಆಟಗಾರರನ್ನು ಹಾಕಿಕೊಂಡು ಹೊರಬಂದೆ. ಬಲಗೈಗೆ ನೀಲಪ್ಪ, ಎಡಗೈಗೆ ಜೋಲಪ್ಪ.

ಅಡುಗೆಮನೆಯಲ್ಲಿ ಜನಸಾಗರ. ಅಂದರೆ ಮಗಳು, ಅಳಿಯ, ಮೊಮ್ಮಗಳು. ಎದುರು ಕಿಟಕಿಯಲ್ಲಿ ಹೊಲಿಗೆ ನಿಲ್ಲಿಸಿ ಕೆನ್ನೆಗೆ ಕೈ ಕೊಟ್ಟು ಕೂತ ಟೈಲರಮ್ಮ. ಮೊದಲರ್ಧ ತಟ್ಟೆಗಳು, ಎರಡನೆಯ ಅರ್ಧ ತಳಹತ್ತಿದ ಹಾಲಿನ ಪಾತ್ರೆ, ಉಜ್ಜುವ ತಂತಿನಾರಿನ ಸಮೇತ.

ಸೀಟಿ!

ಮೊದಲ ತಟ್ಟೆಗೆ ಏನೂ ಇರಲಿಲ್ಲ. ಎರಡನೆಯ ತಟ್ಟೆಗೆ ಬಲಗೈ ಬೆಚ್ಚಗಾಯಿತು. ಬಿಸಿನೀರಲ್ಲವೇ ಅಂದುಕೊಂಡೆ. ಮೂರನೆಯ ತಟ್ಟೆಗೆ ಅಂಗೈ ಚುರುಗುಟ್ಟಿತು. ಇನ್ನೊಂದು ತಟ್ಟೆ ಮುಗಿಯುವಷ್ಟರಲ್ಲಿ ನನ್ನ ಐದು ಬೆರಳೂ ಒಲೆಯ ಮೇಲೆ ಇಟ್ಟ ಹಾಗೆ ಉರಿಯತೊಡಗಿದವು. ಒಳಗೆ ಬೆವರು, ಹೊರಗೆ ಬಿಸಿನೀರು, ನಡುವೆ ನಿನ್ನೆಯ ಮೆಣಸಿನಕಾಯಿ. ಆಗ ತಲೆಗೆ ಹೊಳೆಯಿತು: ನಿನ್ನೆ ಎಳೆದಾಗ ತಿರುವುಮುರುವಾದವನನ್ನು ಹಾಗೆಯೇ ಹಾಕಿಕೊಂಡಿದ್ದೇನೆ! ಮೆಣಸಿನ ಮೈಯೆಲ್ಲ ಒಳಗಿದೆ!

ಬಾಯಿ ಬಿಡುವ ಹಾಗಿಲ್ಲ. "ಉರಿ" ಎಂದರೆ ನೀಲಪ್ಪ ನನ್ನ ಚರ್ಮಕ್ಕೆ ಆಗುವುದಿಲ್ಲ ಎಂದಾಗುತ್ತದೆ. ನೀಲಪ್ಪ ಹೋದರೆ ಸಿಂಕು ಹೋಯಿತು, ಸಿಂಕು ಹೋದರೆ ಕಿಟಕಿ ಹೋಯಿತು, ನಾನು ಮತ್ತೆ ಕುರ್ಚಿಯ ಮೇಲೆ ಮರ್ಯಾದಸ್ಥ ನೆಂಟಳು. ನಿಜ ಹೇಳಿದರೂ ಕಷ್ಟ; ಬೀರುವಿನ ಹಿಂದಿನ ವ್ಯವಹಾರ ಬಯಲಾಗುತ್ತದೆ. ಹಲ್ಲು ಕಚ್ಚಿದೆ. ಸುಮ್ಮನೆ ಕಚ್ಚಿದರೆ ಅನುಮಾನ ಬರುತ್ತದೆಂದು ನಗುತ್ತಾ ಕಚ್ಚಿದೆ.

"ಅಜ್ಜಿ ಮುಖದಲ್ಲಿ ಗೆಲುವಿನ ಕಳೆ!" ಎಂದಿತು ಸೌಟು.

"ಅಕ್ಕ ಯಾಕೋ ವಿಚಿತ್ರವಾಗಿ ನಗ್ತಾ ಇದಾರೆ," ಎಂದಳು ಟೈಲರಮ್ಮ.

"ಖುಷಿ ಕಣೇ!" ಎಂದೆ. ಕಣ್ಣಿನಿಂದ ನೀರು ದಳದಳ ಇಳಿಯಿತು.

ಅಷ್ಟರಲ್ಲಿ ಅರ್ಧ ಆಟದ ಸೀಟಿ. ಅಯ್ಯೋ, ಬದಿ ಬದಲಾವಣೆ! ಎಡಗೈಯಾದರೂ ನೆಮ್ಮದಿಯಾಗಿತ್ತಲ್ಲ, ಅದನ್ನೂ ಬೆಂಕಿಗೆ ಕೊಡಬೇಕು.

"ಬೇಡಪ್ಪ, ಹೀಗೇ ಮುಗಿಸಿಬಿಡ್ತೀನಿ," ಎಂದೆ.

"ಅದು ಹೇಗಾಗುತ್ತೆ ಅತ್ತೆ? ನಿಯಮ ಅಂದ್ರೆ ನಿಯಮ. ಕೊಡಿ ಕೈ," ಎಂದ ಅಳಿಯಂದಿರು, ಇಷ್ಟು ಕಾಲದಲ್ಲಿ ಎಂದೂ ತೋರದ ನಾಜೂಕಿನಿಂದ ಬೆರಳ ತುದಿ ಹಿಡಿದು ಒಂದೊಂದಾಗಿ ಎಳೆದು, ನೀಲಪ್ಪ ಒಂಚೂರೂ ಮಗುಚದಂತೆ ಬಿಚ್ಚಿ, ಎಡಗೈಗೆ ತೊಡಿಸಿದರು. ಬಲಗೈಗೆ ಜೋಲಪ್ಪ ಬಂದ. ಬಲಗೈಯ ಉರಿಗೆ ಮುಚ್ಚಳ ಹಾಕಿದಂತಾಯಿತು. ಎಡಗೈ ಹೊಸದಾಗಿ ಹೊತ್ತಿಕೊಂಡಿತು.

ಹಾಲಿನ ಪಾತ್ರೆಯನ್ನು ನಾನು ಆ ದಿನ ಉಜ್ಜಿದ ಹಾಗೆ ಮನುಷ್ಯಮಾತ್ರರು ಉಜ್ಜಿರಲಾರರು. ಆಟದ ಹುಮ್ಮಸ್ಸು ಎಂದು ಎಲ್ಲರೂ ತಿಳಿದರು. ನಾನು ಮುಗಿದರೆ ಸಾಕೆಂದು ಉಜ್ಜುತ್ತಿದ್ದೆ. ತಂತಿನಾರು ಎರಡು ಸುತ್ತು ಹೋಗುವುದರೊಳಗೆ ಜೋಲಪ್ಪನ ನಡುಬೆರಳು ಕಿತ್ತುಬಂತು, ಮತ್ತೊಂದು ಸುತ್ತಿಗೆ ಅಂಗೈ ಸೀಳಿತು. ಪಾತ್ರೆಯನ್ನು ಹಿಡಿದಿದ್ದ ನೀಲಪ್ಪ ಬಂಡೆಯಂತೆ ನಿಂತಿದ್ದ.

ಉದ್ದನೆಯ ಸೀಟಿ. "ಕಪ್ ನೀಲಪ್ಪನಿಗೆ!" ಅಳಿಯಂದಿರು ತೊಳೆದ ಹಾಲಿನ ಪಾತ್ರೆಯನ್ನೇ ತಲೆಯ ಮೇಲೆತ್ತಿ ಹಿಡಿದರು. ನಮ್ಮ ಮನೆಯ ಪಾತ್ರೆಗೆ ಅಂಥ ಗೌರವ ಅದೇ ಮೊದಲು.

"ಕೈ ತೋರಿಸಮ್ಮ," ಎಂದಳು ಮಗಳು.

ನೀಲಪ್ಪ ಹೊರಬಂದ. ಕೈ ಕೆಂಡದಂತಿತ್ತು. ಜೋಲಪ್ಪನ ಚಿಂದಿ ಹೊರಬಂತು. ಆ ಕೈಯೂ ಕೆಂಡ.

ಮಗಳ ಮುಖ ಚಿಕ್ಕದಾಯಿತು. ಪಾಪ, ಅವಳಿಗೂ ನಾನು ಗೆಲ್ಲಲಿ ಎಂದೇ ಇತ್ತು ಎಂದು ನನಗೆ ಆಗ ತಿಳಿಯಿತು. "ಎರಡೂ ಸೇರ್ತಿಲ್ಲ ಅಮ್ಮ," ಎಂದಳು ಮೆಲ್ಲಗೆ. "ಯಂತ್ರದವನಿಗೆ ಬರೋಕೆ ಹೇಳ್ತೀನಿ." ಫೋನು ಎತ್ತಿಕೊಂಡಳು.

ಅಳಿಯಂದಿರಿಗೆ ದುಃಖ ತಡೆಯಲಾಗಲಿಲ್ಲ. ಸೋತ ತಂಡದ ನಾಯಕನ ಬಳಿಗೆ ಹೋಗಿ ಸಮಾಧಾನ ಹೇಳುವುದು ಅವರ ಪದ್ಧತಿ. ನನ್ನ ಎರಡೂ ಕೈಗಳನ್ನು ತಮ್ಮ ಕೈಗಳಲ್ಲಿ ಹಿಡಿದು ಒತ್ತಿ, "ಚೆನ್ನಾಗಿ ಆಡಿದ್ರಿ ಅತ್ತೆ. ಆಟದಲ್ಲಿ ಸೋಲು ಗೆಲುವು ಇದ್ದದ್ದೇ," ಎಂದು ಹೇಳಿ, ಒದ್ದೆಯಾದ ತಮ್ಮ ಕಣ್ಣನ್ನು ಅದೇ ಬೆರಳಿನಿಂದ ಒರೆಸಿಕೊಂಡರು.

ಆಮೇಲೆ ಅವರು ಕೂಗಿದ ಕೂಗಿಗೆ ಸೀಟಿಯೇ ನಾಚಬೇಕು.

"ಕಣ್ಣು! ಕಣ್ಣು ಹೋಯ್ತು! ಖಾರ!"

"ಖಾರನಾ?" ಮಗಳು ಫೋನನ್ನು ಕೆಳಗಿಟ್ಟಳು. ನನ್ನ ಕೈಯನ್ನು ಮೂಗಿನ ಹತ್ತಿರ ಹಿಡಿದಳು, ಸೀನಿದಳು. ನೀಲಪ್ಪನನ್ನು ಎತ್ತಿ ಒಳಮೈ ನೋಡಿದಳು. ಅಲ್ಲಿ ಒಂದು ಮೆಣಸಿನ ಬೀಜ ತಣ್ಣಗೆ ಕೂತಿತ್ತು.

"ಅಮ್ಮ."

"ಏನೇ?"

"ಇದು ನಿನ್ನೇದು."

"ಇದ್ದರೂ ಇರಬಹುದು," ಎಂದೆ.

ಮೊಮ್ಮಗಳು ಅಷ್ಟರಲ್ಲಿ ನನ್ನ ಕೋಣೆಗೆ ಓಡಿದ್ದಳು. ಅಲ್ಲಿಂದಲೇ ನೇರ ಪ್ರಸಾರ ಶುರುವಾಯಿತು: "ದಿಂಬಿನ ಕೆಳಗೆ ಹೊಸ ಗ್ಲೌಸ್! ಬೀರು ಹಿಂದೆ ಕ್ಲಿಪ್ಪು! ಅಯ್ಯೋ ಅಮ್ಮಾ, ಕವರಪ್ಪನ ಹೊಟ್ಟೆ ತುಂಬ ಗುಂಡಿ!"

ಎದುರು ಕಿಟಕಿಯಲ್ಲಿ ಟೈಲರಮ್ಮ ನಕ್ಕು ನಕ್ಕು ಮೇಜಿನ ಮೇಲೆ ತಲೆಯಿಟ್ಟಳು.

ಮಗಳು ನನ್ನ ಕೈಗೆ ಅಡುಗೆ ಎಣ್ಣೆ ಸುರಿದು ತಿಕ್ಕಿದಳು. ಖಾರಕ್ಕೆ ನೀರಿಗಿಂತ ಎಣ್ಣೆಯೇ ಮದ್ದಂತೆ. ಆಮೇಲೆ ಸೋಪು. ತಿಕ್ಕುತ್ತಲೇ ಬೈದಳು, ಬೈಯುತ್ತಲೇ ನಕ್ಕಳು, ನಗುತ್ತಲೇ ಮತ್ತೆ ಬೈದಳು. "ಉರೀತಿದ್ರೆ ಬಾಯಿ ಬಿಟ್ಟು ಹೇಳೋಕೆ ಏನಾಗಿತ್ತಮ್ಮ?"

"ಹೇಳಿದ್ರೆ ನೀನು ಸಿಂಕು ಕೀಳಿಸ್ತಿದ್ದೆ."

ಅವಳು ತಿಕ್ಕುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. "ಸಿಂಕಿಗೋಸ್ಕರ ಇಷ್ಟೊಂದಾ?" ಎಂದಳು. ನಾನು ಕಿಟಕಿಯ ಕಡೆ ನೋಡಿದೆ. ಅವಳೂ ನೋಡಿದಳು. ಹೋಗಿ ಯಂತ್ರದವನಿಗೆ ಫೋನು ಮಾಡಿ, ಬರುವುದು ಬೇಡ ಎಂದಳು.

ನ್ಯಾಯಮಂಡಳಿ ಕೂತಿತು. ಅಳಿಯಂದಿರು ಒಂದು ಕಣ್ಣಿನ ಮೇಲೆ ಒದ್ದೆ ಬಟ್ಟೆ ಹಿಡಿದು, ಇನ್ನೊಂದು ಕಣ್ಣಿನಿಂದ ತೀರ್ಪು ಹೇಳಿದರು: "ನೀಲಪ್ಪ ನಿರ್ದೋಷಿ. ಕಪ್ ಅವನದ್ದೇ. ಇನ್ಮೇಲೆ ಈ ಮನೆ ಸಿಂಕಲ್ಲಿ ಅವನೇ."

ನಾನು ನೆಮ್ಮದಿಯ ಉಸಿರುಬಿಟ್ಟೆ.

"ಆಟಗಾರ್ತಿಗೆ ಮಾತ್ರ ನಿಷೇಧ," ಎಂದಳು ಮಗಳು. "ಕೈ ಪೂರ್ತಿ ವಾಸಿ ಆಗ್ಬೇಕು. ಆಮೇಲೆ, ಹಾಕ್ಕೊಂಡಿದ್ದನ್ನ ನಮ್ಮೆದುರಿಗೇ ಬುಟ್ಟಿಗೆ ಹಾಕೋಕೆ ಕಲೀಬೇಕು. ಅಲ್ಲೀತನಕ ಸಿಂಕ್ ಮುಟ್ಟೋ ಹಾಗಿಲ್ಲ."

"ಅಲ್ಲೀತನಕ ಪಾತ್ರೆ?"

ಎಲ್ಲರೂ ಅಳಿಯಂದಿರ ಕಡೆ ತಿರುಗಿದರು. ಪಂದ್ಯ ಕಟ್ಟಿದವರು ಅವರೇ ಅಲ್ಲವೇ?

ಅವರು ಎರಡು ದಿನಕ್ಕೆ ಸುಸ್ತಾಗಿ ಬಿಡುತ್ತಾರೆಂದು ನಾನು ಲೆಕ್ಕ ಹಾಕಿದ್ದೆ. ಅವರು ಬಿಡಲಿಲ್ಲ. ಸಂಜೆ ಶಾಲೆಯಿಂದ ಬಂದು, ಶಸ್ತ್ರಚಿಕಿತ್ಸೆಗೆ ಹೊರಟ ಡಾಕ್ಟರ ಹಾಗೆ ನೀಲಿ ಕೈಗವಸು ತೊಟ್ಟು, ಎರಡು ಕೈಯನ್ನೂ ಮೇಲೆತ್ತಿಕೊಂಡು ಸಿಂಕಿಗೆ ನಡೆಯುತ್ತಿದ್ದರು. ಪಾತ್ರೆಗಳನ್ನು ಎತ್ತರದ ಪ್ರಕಾರ ಸಾಲು ನಿಲ್ಲಿಸುತ್ತಿದ್ದರು. ಒಂದು ಚಮಚ ತೊಳೆಯಲು ಅವರು ಹಿಡಿಯುವ ಹೊತ್ತಿನಲ್ಲಿ ನಾನು ಒಂದು ಮದುವೆಮನೆಯ ಪಾತ್ರೆ ಮುಗಿಸುತ್ತಿದ್ದೆ. ಮುಗಿದ ಮೇಲೆ ಕೈಗವಸು ಬಿಚ್ಚಿ, ದೂರದಿಂದಲೇ ಗುರಿಯಿಟ್ಟು ಬುಟ್ಟಿಗೆ ಎಸೆಯುತ್ತಿದ್ದರು. ಆ ಶಬ್ದ ಕೇಳಿದಾಗಲೆಲ್ಲ ನಾನು ಬುಟ್ಟಿಯೊಳಗೆ ಇಣುಕಿ ನೋಡುತ್ತಿದ್ದೆ.

ಕೈ ವಾಸಿಯಾಯಿತು. ಒಂದು ಸಂಜೆ ಎಲ್ಲರೆದುರು ನೀಲಪ್ಪನನ್ನು ತೊಟ್ಟು, ಒಂದು ಬಟ್ಟಲು ತೊಳೆದು, ಅವನನ್ನು ಬಿಚ್ಚಿ, ಬೇರೆ ಕಡೆ ಮುಖ ತಿರುಗಿಸಿಕೊಂಡು ಬುಟ್ಟಿಗೆ ಹಾಕಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಮಗಳು ನಿಷೇಧ ತೆಗೆದಳು.

ಮರುದಿನ ಸಂಜೆ ಹೊಸ ಕೈಗವಸು ತೊಟ್ಟು, ಗೆದ್ದು ಬಂದವಳ ಗತ್ತಿನಲ್ಲಿ ಸಿಂಕಿಗೆ ಹೋದೆ. ಅಳಿಯಂದಿರು ಆಗಲೇ ಅಲ್ಲಿದ್ದರು. ನಲ್ಲಿ ನಿಲ್ಲಿಸಿ, ಸೋಪು ಹಚ್ಚಿದ ತಟ್ಟೆಯನ್ನು ಹಿಡಿದುಕೊಂಡು, ಕಿಟಕಿಗೆ ಮುಖವೊಡ್ಡಿ ನಿಂತಿದ್ದರು. ಆಚೆ ಟೈಲರಮ್ಮ ಬಾಯಿತುಂಬ ಮಾತಾಡುತ್ತಿದ್ದಳು.

"ಸರಿಯಪ್ಪ, ನಾನು ಬಂದೆ," ಎಂದು ನಲ್ಲಿಗೆ ಕೈ ಹಾಕಿದೆ.

"ಅಕ್ಕ, ಒಂದೇ ನಿಮಿಷ!" ಎಂದು ಆಚೆಯಿಂದ ಟೈಲರಮ್ಮ ಕೈ ಅಡ್ಡ ಮಾಡಿದಳು. "ನೀರು ಬಿಡ್ಬೇಡಿ. ಮೇಷ್ಟ್ರಿಗೆ ನನ್ನ ತಂಗಿ ಗಂಡನ ಕಥೆ ಹೇಳ್ತಿದ್ದೆ, ಅರ್ಧಕ್ಕೆ ಬಂದಿದೆ. ಇಷ್ಟು ವರ್ಷದಲ್ಲಿ ನನ್ನ ಮಾತನ್ನ ಪೂರ್ತಿ ಕೇಳಿಸ್ಕೊಂಡವರು ಅಂದ್ರೆ ಇವರೊಬ್ಬರೇ ನೋಡಿ."

"ನಾನು ಕೇಳಿಲ್ವೇನೇ? ನಿನ್ನ ತಂಗಿ ಗಂಡ ಮುನಿಸ್ಕೊಂಡು ಮನೆ ಬಿಟ್ಟು ಹೋದ. ಪಾಪದ ಹುಡುಗಿ!" ಎಂದೆ. ಆ ಹುಡುಗಿಗಾಗಿ ನಾನು ಎಷ್ಟು ಸಲ ಮರುಗಿದ್ದೆನೋ ಲೆಕ್ಕವಿಲ್ಲ.

"ಹೋದ ಅಂದಾಗ ನೀವು ನಲ್ಲಿ ಬಿಟ್ರಿ ಅಕ್ಕ," ಎಂದಳು ಟೈಲರಮ್ಮ. "ಅವನು ಅವತ್ತು ಸಂಜೇನೇ ಬಂದ. ಕ್ಷೌರ ಮಾಡಿಸ್ಕೊಳ್ಳೋಕೆ ಹೋಗಿದ್ದನಂತೆ."

ಅಳಿಯಂದಿರು ತಟ್ಟೆಯ ಹಿಂದೆ ಮುಖ ಮುಚ್ಚಿಕೊಂಡು ನಕ್ಕರು. ನಾನು ನಗುವ ಸ್ಥಿತಿಯಲ್ಲಿರಲಿಲ್ಲ. ಆ ತಂಗಿ ಎಷ್ಟೋ ಸಲ ಒಬ್ಬ ಗಂಡಸಿನ ಜತೆ ಅಕ್ಕನ ಮನೆಗೆ ಬಂದಿದ್ದಳು. ಗಂಡ ಬಿಟ್ಟುಹೋದ ಹುಡುಗಿಗೆ ಇದೆಂಥ ಸಹವಾಸವೆಂದು ನಾನು ಅವನನ್ನು ಒಂದು ದಿನವೂ ಮಾತಾಡಿಸಿರಲಿಲ್ಲ. ಅವನು ನಮಸ್ಕಾರ ಮಾಡಿದಾಗಲೆಲ್ಲ ಈ ಕಿಟಕಿಯ ಬಾಗಿಲನ್ನು ದಢಾರನೆ ಮುಚ್ಚಿದ್ದೆ.

ಕೈಗವಸು ಬಿಚ್ಚಿದೆ. ಬುಟ್ಟಿಗೆ ಹಾಕಿದೆ. ಒರೆಸುವ ಬಟ್ಟೆಯನ್ನು ಹೆಗಲಿಂದಿಳಿಸಿ, ಅಳಿಯಂದಿರ ಪಕ್ಕದಲ್ಲಿ ಜಾಗ ಮಾಡಿಕೊಂಡು ನಿಂತು, ಅವರು ತೊಳೆದಿಟ್ಟ ತಟ್ಟೆಯೊಂದನ್ನು ಶಬ್ದವಾಗದಂತೆ ಎತ್ತಿಕೊಂಡೆ.

"ಹೇಳೇ," ಎಂದೆ, "ಮೊದಲಿಂದ ಹೇಳು."